ಶೆಲ್ಬಿ ಲಿನ್‌ಗೆ ಅಷ್ಟೊಂದು ಪಾಲಿಶ್ ಬೇಕಿತ್ತಾ?

2001ರ ಫೆಬ್ರವರಿ. ಲಾಸ್ ಏಂಜಲೀಸ್‌ನಲ್ಲಿ ಗ್ರ್ಯಾಮಿ ಸಮಾರಂಭ. ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿಗೆ ಐದು ಹೆಸರು: ಜಿಲ್ ಸ್ಕಾಟ್, ಬ್ರ್ಯಾಡ್ ಪೈಸ್ಲಿ, ಸಿಸ್ಕೊ, ಪಾಪಾ ರೋಚ್, ಶೆಲ್ಬಿ ಲಿನ್. ಗೆದ್ದವಳು ಅಮೆರಿಕದ ಗಾಯಕಿ ಶೆಲ್ಬಿ. ಇಲ್ಲಿಗೆ ಬರಲು ತನಗೆ 13 ವರ್ಷ, 6 ಆಲ್ಬಂ ಬೇಕಾಯಿತು ಅಂತ ವೇದಿಕೆ ಮೇಲೇ ಹೇಳಿದಳು. ತಮಾಷೆ ಏನೆಂದರೆ, ಆಕೆ ‘ಹೊಸಬಳು’ ಆದದ್ದು ಅದು ಎರಡನೇ ಸಲ. ಅಕಾಡೆಮಿ ಆಫ್ ಕಂಟ್ರಿ ಮ್ಯೂಸಿಕ್‌ನವರು 1990ರ ಸಾಲಿಗೇ ಆಕೆಗೆ ಹೊಸ ಗಾಯಕಿ ಪ್ರಶಸ್ತಿ ಕೊಟ್ಟು ಮುಗಿಸಿದ್ದರು.

ಗ್ರ್ಯಾಮಿ ತಂದುಕೊಟ್ಟದ್ದು ‘ಐ ಆಮ್ ಶೆಲ್ಬಿ ಲಿನ್’. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ನೋವು, ಕಪ್ಪು ಜನರ ಚರ್ಚ್ ಗಾಯನದಿಂದ ಬಂದ ಸೋಲ್ ಸಂಗೀತದ ಗಂಟಲು ಎರಡನ್ನೂ ಒಂದೇ ಪಾತ್ರೆಯಲ್ಲಿಟ್ಟು ಕುದಿಸಿದ ಹತ್ತು ಹಾಡು. ವಿಮರ್ಶಕರು ತಲೆ ಮೇಲೆ ಹೊತ್ತು ಕುಣಿದರು. ಅದರ ಮುಂದಿನ ಆಲ್ಬಂ ಅದೇ ವರ್ಷ ನವೆಂಬರ್‌ನಲ್ಲಿ ಬಂತು. ಹೆಸರು ‘ಲವ್, ಶೆಲ್ಬಿ’. ನಿರ್ಮಾಪಕ ಗ್ಲೆನ್ ಬಲ್ಲಾರ್ಡ್. ಅಲಾನಿಸ್ ಮಾರಿಸೆಟ್ ಜೊತೆ 1995ರಲ್ಲಿ ‘ಜ್ಯಾಗ್ಡ್ ಲಿಟಲ್ ಪಿಲ್’ ಮಾಡಿದವನು. ಅದು ಜಗತ್ತಿನಾದ್ಯಂತ 3 ಕೋಟಿಗೂ ಜಾಸ್ತಿ ಪ್ರತಿ ಹೋಯಿತು. ಹಾಗಾಗಿ ಶೆಲ್ಬಿಯ ಹೊಸ ಆಲ್ಬಂ ಫಳಫಳ ಹೊಳೆಯುವ ಪಾಪ್ ಆಗಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೆಲವರಿಗೆ ಇಷ್ಟವಾಯಿತು. ಜಾಸ್ತಿ ಜನ ಮುಖ ಸಿಂಡರಿಸಿದರು. ಆಕೆಯನ್ನು ಪ್ರೀತಿಸುವವರ ನಡುವೆ ಈ ವಾದ ಇವತ್ತಿಗೂ ತಣ್ಣಗಾಗಿಲ್ಲ.

ಕೆಳಗಿನ ಎರಡೂ ಬರಹ ನನ್ನವೇ. ಪರ ಮೊದಲು ಬರೆದೆ. ನಾಲ್ಕು ದಿನ ಬಿಟ್ಟು ವಿರೋಧ ಬರೆದೆ. ನಾನು ಯಾವ ಕಡೆ ಅಂತ ಕೇಳಬೇಡಿ. ಓದಿದರೆ ಹೇಗೂ ಗೊತ್ತಾಗುತ್ತದೆ.

ಪರ: ಹೊಳಪು ಆಕೆಗೆ ಹೊಸದೇನಲ್ಲ

ಈ ಆಲ್ಬಂ ಬಗ್ಗೆ ಇರುವ ದೂರು ಒಂದೇ. ನಯ ಜಾಸ್ತಿಯಾಯಿತು. ಮಣ್ಣಿನ ವಾಸನೆ ಹೋಯಿತು.

ಯಾವ ಮಣ್ಣು? ಕಂಟ್ರಿ ಸಂಗೀತ ಹೊಲದಿಂದ ನೇರ ರೆಕಾರ್ಡಿಗೆ ಬಂತು ಅಂದುಕೊಂಡವರು ಒಮ್ಮೆ ಪ್ಯಾಟ್ಸಿ ಕ್ಲೈನ್‌ಳ ‘ಕ್ರೇಜಿ’ ಕೇಳಬೇಕು. 1961ರ ಹಾಡು, ಬರೆದವನು ವಿಲ್ಲಿ ನೆಲ್ಸನ್. ಕಂಟ್ರಿಯ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ನಿರ್ಮಾಪಕ ಓವನ್ ಬ್ರಾಡ್ಲಿ ಮಾಡಿಸಿದ್ದು. ಹಳ್ಳಿ ಪಿಟೀಲಿನ ಕೀರಲು ಇಲ್ಲ, ಬ್ಯಾಂಜೋ ಇಲ್ಲ. ಮೆತ್ತನೆಯ ಪಿಯಾನೋ, ಹಿಂದೆ ಜಾರ್ಡನೇರ್ಸ್ ತಂಡದ ‘ಊ’ಗುಟ್ಟುವ ದನಿಗಳು. ಪಟ್ಟಣದ ರೇಡಿಯೋಗೆ ಹೊಂದಲಿ ಅಂತಲೇ ಹಾಗೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದು. ಆಗಲೂ ಇದು ಕಂಟ್ರಿಯೇ ಅಲ್ಲ ಅಂತ ಗೊಣಗಿದವರಿದ್ದರು. ಇವತ್ತು ಅದನ್ನು ಕಂಟ್ರಿಯ ಕಿರೀಟ ಅಂತೀವಿ.

ಇನ್ನು ನಿರ್ಮಾಪಕ ಬಿಲ್ಲಿ ಶೆರಿಲ್. ಆತನೂ ಶೆಲ್ಬಿಯ ಹಾಗೆ ಅಲಬಾಮಾದವನೇ. ಟ್ಯಾಮಿ ವೈನೆಟ್‌ಳ 1968ರ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ ಆತನದ್ದು. ಜಾರ್ಜ್ ಜೋನ್ಸ್‌ನ 1980ರ ‘ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಆತನದ್ದು. ಆ ಎರಡನೇ ಹಾಡಿನಲ್ಲಿ, ಸತ್ತವನ ಮನೆಗೆ ಆ ಹೆಂಗಸು ಬರುವ ಹೊತ್ತಿಗೆ ಪಿಟೀಲುಗಳು ಒಟ್ಟಿಗೆ ಏರುತ್ತವೆ ನೋಡಿ, ಅದಕ್ಕಿಂತ ಜಾಸ್ತಿ ಪಾಲಿಶ್ ಎಲ್ಲಿ ಸಿಗುತ್ತದೆ? ಕೇಳಿದಾಗ ಕಣ್ಣು ತುಂಬುವುದಂತೂ ತಪ್ಪುವುದಿಲ್ಲ.

ಈ ಶೆರಿಲ್ ವಿಷಯ ಸುಮ್ನೆ ತೆಗೆದದ್ದಲ್ಲ. ಶೆಲ್ಬಿ ನ್ಯಾಶ್‌ವಿಲ್‌ಗೆ ಬಂದ ಹೊಸತರಲ್ಲಿ ಆಕೆಯ ಕೈ ಹಿಡಿದವರಲ್ಲಿ ಆತ ಒಬ್ಬ. 1988ರಲ್ಲಿ ಆಕೆ ಜಾರ್ಜ್ ಜೋನ್ಸ್ ಜೊತೆ ಒಂದು ಯುಗಳಗೀತೆ ಹಾಡಿದಳು. ಆಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ. ಮರುವರ್ಷ ಮೊದಲ ಆಲ್ಬಂ ‘ಸನ್‌ರೈಸ್’ ಬಂತು. ಅಂದರೆ ಹೊಳಪು ಆಕೆಗೆ ಬಲ್ಲಾರ್ಡ್ ಹಚ್ಚಿದ ಬಣ್ಣ ಅಲ್ಲ, ಹಾಲು ಕುಡಿದ ಮನೆಯ ಗುಣ.

ಆಕೆ ಒಂದೇ ಅಂಗಿಯಲ್ಲಿ ಕೂತವಳೂ ಅಲ್ಲ. 1993ರ ‘ಟೆಂಪ್ಟೇಶನ್’ ಕೇಳಿ. ತುತ್ತೂರಿ, ಸ್ಯಾಕ್ಸೋಫೋನ್, ಪೂರ್ತಿ ಬಿಗ್ ಬ್ಯಾಂಡ್ ಸ್ವಿಂಗ್. ಆಮೇಲೆ 1995ರಲ್ಲಿ ‘ರೆಸ್ಟ್‌ಲೆಸ್’, ಟೆಕ್ಸಸ್ ಕಡೆಯ ನಾಟ್ಯದ ತಾಳ. ಪ್ರತಿ ಎರಡು ವರ್ಷಕ್ಕೆ ಮನೆ ಬದಲಾಯಿಸುವವಳು 2001ರಲ್ಲಿ ಪಾಪ್ ಬೀದಿಗೆ ಬಾಡಿಗೆಗೆ ಬಂದಳು, ಅಷ್ಟೇ.

ಈಗ ಆ ಪವಿತ್ರ ‘ಐ ಆಮ್ ಶೆಲ್ಬಿ ಲಿನ್’ ಕಡೆಗೇ ಬರೋಣ. ಒರಟು, ಸಹಜ, ನಿಜ ಅಂತೆಲ್ಲ ಹೊಗಳುತ್ತೇವಲ್ಲ. ಮೊದಲ ಹಾಡು ‘ಯುವರ್ ಲೈಸ್’ ಹಾಕಿ. ಡ್ರಮ್ ಗುದ್ದುತ್ತದೆ, ಪಿಟೀಲುಗಳ ಅಲೆ ಬಂದು ಬಡಿಯುತ್ತದೆ, ಅರವತ್ತರ ದಶಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಸದ್ದಿನ ಗೋಡೆ ಕಟ್ಟಿದ ಹಾಗೆ. ಇದು ಒರಟಾ? ಇದನ್ನು ಮಾಡಿಸಿದ ಬಿಲ್ ಬಾಟ್ರೆಲ್ ಯಾರು? ಮೈಕೆಲ್ ಜಾಕ್ಸನ್‌ನ 1991ರ ‘ಬ್ಲ್ಯಾಕ್ ಆರ್ ವೈಟ್’ ಹಾಡಿನ ಸಹನಿರ್ಮಾಪಕ. ಬಲ್ಲಾರ್ಡ್ ಯಾರು? ಅದೇ ಜಾಕ್ಸನ್‌ನ ‘ಮ್ಯಾನ್ ಇನ್ ದ ಮಿರರ್’ ಬರೆದ ಇಬ್ಬರಲ್ಲಿ ಒಬ್ಬ. ಇಬ್ಬರೂ ಒಂದೇ ಅಂಗಡಿಯ ಅಕ್ಕಸಾಲಿಗರು. ಒಬ್ಬನ ಕೆಲಸ ಕಲೆ, ಇನ್ನೊಬ್ಬನ ಕೆಲಸ ವ್ಯಾಪಾರ ಅನ್ನುವುದು ಯಾವ ನ್ಯಾಯ?

ಕಂಟ್ರಿ ಸೋಲ್ ಅನ್ನುವ ಮಾತು ಬಂದಾಗಲೆಲ್ಲ ನೆನಪಾಗುವ ದೊಡ್ಡ ಆಲ್ಬಂ ಡಸ್ಟಿ ಸ್ಪ್ರಿಂಗ್‌ಫೀಲ್ಡ್‌ಳ ‘ಡಸ್ಟಿ ಇನ್ ಮೆಂಫಿಸ್’, 1969ರದ್ದು. ಹೆಸರಲ್ಲೇ ಅಮೆರಿಕದ ದಕ್ಷಿಣದ ಊರು ಮೆಂಫಿಸ್ ಇದೆ. ವಾದ್ಯಗಳನ್ನು ಅಲ್ಲಿ ನುಡಿಸಿದ್ದೂ ನಿಜ. ಆದರೆ ಡಸ್ಟಿ ಮೆಂಫಿಸ್‌ನಲ್ಲಿ ಬಾಯಿ ಬಿಡಲಾರದೆ ಹೋದಳು. ಆಕೆಯ ದನಿಯನ್ನು ಆಮೇಲೆ ನ್ಯೂಯಾರ್ಕಿನಲ್ಲಿ ಹಿಡಿದರು. ನಮಗೆ ‘ದಕ್ಷಿಣದ ಬೆವರು’ ಅಂತ ಕೇಳಿಸುವುದು ಲಂಡನ್ ಹುಡುಗಿಯೊಬ್ಬಳು ಮ್ಯಾನ್‌ಹಟನ್‌ನಲ್ಲಿ ನಿಂತು ಹಾಡಿದ್ದು. ‘ಸಹಜ’ ಅನ್ನುವುದನ್ನೂ ಯಾರೋ ಕೂತು ಮಾಡಿಯೇ ಇರುತ್ತಾರೆ.

ಹಾಗಾದರೆ ಶೆಲ್ಬಿ ಮಾತ್ರ ಒರಟಾಗಿಯೇ ಇರಬೇಕು ಅನ್ನುವ ಹಟ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ಕಷ್ಟದ ಮಾತು ಹೇಳಲೇಬೇಕು. 1986ರ ಆಗಸ್ಟ್‌ನಲ್ಲಿ, ಅಲಬಾಮಾದ ಮೊಬೀಲ್ ಊರಿನಲ್ಲಿ, ಆಕೆಯ ಅಪ್ಪ ಆಕೆಯ ಅಮ್ಮನನ್ನು ಗುಂಡಿಟ್ಟು ಕೊಂದ. ಆಮೇಲೆ ತನಗೂ ಹೊಡೆದುಕೊಂಡ. ಶೆಲ್ಬಿಗೆ ಆಗ 17. ತಂಗಿ ಅಲಿಸನ್ ಮೂರರ್‌ಗೆ 14. ಅಕ್ಕ ತಂಗಿ ಇಬ್ಬರೂ ಮುಂದೆ ಗಾಯಕಿಯರಾದರು. ಶೆಲ್ಬಿ ಬಗ್ಗೆ ಬರೆದವರು ಈ ಸಂಗತಿಯನ್ನು ಮುಟ್ಟದೆ ಬಿಟ್ಟದ್ದು ಕಡಿಮೆ. ನಾನೂ ಬಿಡಲಿಲ್ಲ ನೋಡಿ.

ಆಕೆ ಹಾಡಿದಾಗ ನಾವು ಆ ಗಾಯವನ್ನು ಹುಡುಕುತ್ತೇವೆ. ಗಂಟಲು ಸ್ವಲ್ಪ ಬಿರಿದರೆ ‘ಆಹಾ, ಎಷ್ಟು ನಿಜ’ ಅಂತೀವಿ. ನಗುತ್ತಾ, ಗಿಟಾರ್ ಝಣಝಣ ಅನ್ನಿಸುತ್ತಾ ‘ಕಿಲ್ಲಿನ್ ಕೈಂಡ್’ ಹಾಡಿದರೆ ಮೋಸ ಅಂತೀವಿ. ಅಂದರೆ ಆಕೆ ತಿಂಗಳು ತಿಂಗಳು ನಮಗೆ ನೋವಿನ ಕಂತು ಕಟ್ಟಬೇಕು, ಹಾಗೇನಾ? 33 ವಯಸ್ಸಿನ ಹೆಂಗಸು, 13 ವರ್ಷ ದುಡಿದು ಕೊನೆಗೂ ಕೈಗೆ ಒಂದು ಕಪ್ ಬಂದಿದೆ. ಆಕೆಗೆ ಒಂದು ವರ್ಷ ಹಗುರವಾಗಿ ಇರಬೇಕು ಅನ್ನಿಸಬಾರದಾ?

‘ಕಿಲ್ಲಿನ್ ಕೈಂಡ್’ ಅದೇ ವರ್ಷದ ‘ಬ್ರಿಜೆಟ್ ಜೋನ್ಸಸ್ ಡೈರಿ’ ಸಿನಿಮಾದ ಹಾಡುಗಳ ಆಲ್ಬಂನಲ್ಲೂ ಇತ್ತು. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಹಾಕಿಕೊಳ್ಳಿ. ಎರಡನೇ ಸಲ ಪಲ್ಲವಿ ಬರುವ ಹೊತ್ತಿಗೆ ಕೈಯಲ್ಲಿರುವ ಲೋಟ ತಾಳ ಹಾಕುತ್ತಿರುತ್ತದೆ. ಪಾಪ್ ಹಾಡಿನಿಂದ ಇದಕ್ಕಿಂತ ಏನು ಬೇಕು? ‘ಜೀಸಸ್ ಆನ್ ಎ ಗ್ರೇಹೌಂಡ್’ ಅಂತ ಇನ್ನೊಂದಿದೆ. ಗ್ರೇಹೌಂಡ್ ಅಮೆರಿಕದ ಊರೂರು ಸುತ್ತುವ ಬಸ್ಸು, ಕಾರಿಲ್ಲದವರ ಬಸ್ಸು. ಅದರಲ್ಲಿ ಯೇಸು ಸಿಗುವ ಕಥೆ. ಕಲ್ಪನೆ ಪೂರ್ತಿ ಕಂಟ್ರಿ, ಹಾಡುವ ರೀತಿ ಚರ್ಚಿನದ್ದು, ಹೊದಿಕೆ ಪಾಪ್. ಮೂರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿವೆ. ಜಗಳ ಆಡುತ್ತಿಲ್ಲ.

1977ರಲ್ಲಿ ಡಾಲಿ ಪಾರ್ಟನ್ ‘ಹಿಯರ್ ಯು ಕಮ್ ಅಗೇನ್’ ಹಾಡಿ ಪಾಪ್‌ಗೆ ಜಿಗಿದಳು. ಇದು ಕಂಟ್ರಿ ಅಲ್ಲ ಅಂತ ಯಾರಾದರೂ ಬೈದರೆ ತೋರಿಸೋಣ ಅಂತ ಒಂದು ಸ್ಟೀಲ್ ಗಿಟಾರ್ ಸೇರಿಸಿ ಅಂತ ಕೇಳಿಕೊಂಡಳಂತೆ. ಶೆಲ್ಬಿ ಆ ಸಾಕ್ಷಿ ಇಟ್ಟುಕೊಳ್ಳಲೂ ಹೋಗಲಿಲ್ಲ. ಅದು ನನಗೆ ಇಷ್ಟ.

ವಿರೋಧ: ಉಸಿರು ಎಲ್ಲಿ ಹೋಯಿತು?

ಮೇಲಿನದ್ದನ್ನು ಬರೆದು ಮುಗಿಸಿ ಖುಷಿಯಾಗಿದ್ದೆ. ನಾಲ್ಕು ದಿನ ಆದ ಮೇಲೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎರಡೂ ಆಲ್ಬಂ ಹಿಂದೆ ಮುಂದೆ ಕೇಳಿದೆ. ಅಲ್ಲಿ ಎಡವಟ್ಟಾಯಿತು.

ಪಾಲಿಶ್ ತಪ್ಪಲ್ಲ, ಒಪ್ಪಿದೆ. ಪ್ಯಾಟ್ಸಿ ಕ್ಲೈನ್ ಬಗ್ಗೆ ಹೇಳಿದ್ದೂ ಸರಿ. ಆದರೆ ‘ಕ್ರೇಜಿ’ಯಲ್ಲಿ ಒಂದು ಸಂಗತಿ ಗಮನಿಸಿ. ಪ್ಯಾಟ್ಸಿ ಸಾಲು ಮುಗಿಸಿದ ಮೇಲೆಯೇ ಪಿಯಾನೋ ಮಾತಾಡುತ್ತದೆ. ಆಕೆ ಬಾಯಿ ತೆರೆದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ. ಶೆರಿಲ್‌ನ ಪಿಟೀಲುಗಳೂ ಹಾಗೇ. ಜೋನ್ಸ್ ಪಿಸುಗುಟ್ಟುವಾಗ ಅವು ಬಾಗಿಲ ಹೊರಗೆ ಕಾಯುತ್ತವೆ. ಅದು ದನಿಗೆ ಜಾಗ ಬಿಡುವ ಪಾಲಿಶ್. ಬಲ್ಲಾರ್ಡ್ ಇಲ್ಲಿ ಮಾಡಿದ್ದು ಜಾಗ ತುಂಬುವ ಪಾಲಿಶ್. ಎರಡಕ್ಕೂ ಒಂದೇ ಹೆಸರಿಟ್ಟು ವಾದ ಗೆದ್ದೆ ಅಂದುಕೊಂಡಿದ್ದು ನನ್ನ ತಪ್ಪು.

‘ಐ ಆಮ್’ ಆಲ್ಬಂನ ‘ಥಾಟ್ ಇಟ್ ವುಡ್ ಬಿ ಈಸಿಯರ್’ ಕೇಳಿ. ತಾಳ ನಿಧಾನ. ಬೇಸ್ ಗಿಟಾರ್ ಸೋಮಾರಿ ಬೆಕ್ಕಿನ ಹಾಗೆ ನಡೆಯುತ್ತದೆ. ಶೆಲ್ಬಿ ತಾಳಕ್ಕಿಂತ ಕೂದಲೆಳೆ ಹಿಂದೆ ಉಳಿದು ಹಾಡುತ್ತಾಳೆ. ಬೇಕಂತಲೇ ತಡ. ಪದ ಈಗ ಬರುತ್ತದೆ ಅಂತ ನಾವು ಕಾಯುತ್ತೇವೆ, ಬರುವುದಿಲ್ಲ, ಇನ್ನೇನು ಬಿಟ್ಟೇಬಿಟ್ಟಳು ಅನ್ನುವಾಗ ಬಂದು ಬೀಳುತ್ತದೆ. ಈ ಸೋಲ್ ಗಾಯನ ಇರುವುದೇ ಆ ಕಾಯಿಸುವಿಕೆಯಲ್ಲಿ. ಪಕ್ಕದಲ್ಲಿ ಜಾಗ ಖಾಲಿ ಇದ್ದರೆ ಮಾತ್ರ ಆ ತಡ ಕಿವಿಗೆ ಬೀಳುತ್ತದೆ. ‘ಲೀವಿನ್’ ಹಾಡಿನಲ್ಲಂತೂ ಅರ್ಧ ಮಾತು, ಅರ್ಧ ಹಾಡು. ಅಡುಗೆಮನೆ ಮೇಜಿನ ಎದುರು ಕೂತು ನಿಮಗೇ ಹೇಳಿದ ಹಾಗೆ.

ಈಗ ‘ಲವ್, ಶೆಲ್ಬಿ’ಯ ‘ಬೆಂಡ್’ ಹಾಕಿ. ಅಥವಾ ‘ಐ ಕಾಂಟ್ ವೇಟ್’. ಗಿಟಾರ್ ಮೇಲೆ ಗಿಟಾರ್, ಅದರ ಮೇಲೆ ಇನ್ನೊಂದು. ಆಕೆಯ ದನಿಗೇ ಆಕೆಯ ದನಿಯ ಎರಡು ಮೂರು ಪದರ. ತಡ ಮಾಡಲು ಜಾಗವೇ ಇಲ್ಲ. ನಿಂತರೆ ಹಿಂದಿನ ಗಾಡಿ ಬಂದು ಗುದ್ದುತ್ತದೆ.

ಇಲ್ಲಿ ತಾಂತ್ರಿಕವಾದ ಒಂದು ಮಾತೂ ಇದೆ. ರೆಕಾರ್ಡಿಂಗ್‌ನಲ್ಲಿ ಕಂಪ್ರೆಶನ್ ಅಂತ ಮಾಡುತ್ತಾರೆ. ಜೋರಾದದ್ದನ್ನು ತಗ್ಗಿಸುವುದು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತುವುದು. ಆಗ ಮೆಲ್ಲಗಿನದ್ದೂ ಜೋರಾಗುತ್ತದೆ. ಕಾರಿನಲ್ಲಿ, ಅಂಗಡಿಯಲ್ಲಿ, ಸಣ್ಣ ರೇಡಿಯೋದಲ್ಲಿ ಹಾಡು ಎದ್ದು ಕೇಳಲಿ ಅಂತ. 2000ದ ಆಸುಪಾಸಿನಲ್ಲಿ ಪಾಪ್ ಸಿ.ಡಿ.ಗಳ ನಡುವೆ ಯಾರ ಸದ್ದು ಜೋರು ಅನ್ನುವ ಪೈಪೋಟಿಯೇ ನಡೆದಿತ್ತು. ಪರಿಣಾಮ ಏನು? ಉಸಿರೆಳೆಯುವ ಸದ್ದು ಮತ್ತು ಕಿರುಚುವ ಸದ್ದು ಹೆಚ್ಚು ಕಡಿಮೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಎಲ್ಲ ಪಲ್ಯಕ್ಕೂ ಒಂದೇ ಖಾರ. ಕೆಲವು ಗಾಯಕಿಯರಿಗೆ ಇದರಿಂದ ನಷ್ಟವೇ ಇಲ್ಲ. ಪಿಸುಮಾತಿನಿಂದ ಕೂಗಿಗೆ ಹೋಗುವ ದಾರಿಯಲ್ಲೇ ತನ್ನ ಕಥೆ ಹೇಳುವವಳಿಗೆ ಮಾತ್ರ ಇದು ಕಾಲು ಕಟ್ಟಿದ ಹಾಗೆ.

ಬಲ್ಲಾರ್ಡ್ ಕೆಟ್ಟ ಕೆಲಸಗಾರ ಅನ್ನುತ್ತಿಲ್ಲ. ಅಲಾನಿಸ್ ಜೊತೆ ಆತ ಮಾಡಿದ್ದು ಜಾಣತನ. ಹಾಡು ಬರೆದ ದಿನವೇ ಆಕೆ ಒಂದೆರಡು ಸಲ ಹಾಡಿದ್ದನ್ನು ಹಾಗೇ ಉಳಿಸಿಕೊಂಡ. ಆ ಹುಡುಗಿಯದ್ದು ಗರಗಸದಂಥ ದನಿ. ಎಷ್ಟು ಪದರ ಹಾಕಿದರೂ ಕೊಯ್ದುಕೊಂಡು ಹೊರಗೆ ಬರುತ್ತದೆ. ಶೆಲ್ಬಿಯದ್ದು ಕೆಳದನಿಯಲ್ಲಿ, ಎದೆಯ ಹತ್ತಿರ ಹೊಗೆಯಾಡುವ ಗಂಟಲು. ಅದರ ಮೇಲೆ ಕಂಬಳಿ ಹೊದಿಸಿದರೆ ಹೊಗೆ ಆರಿಹೋಗುತ್ತದೆ. ಅಲಾನಿಸ್‌ಳ ಮೊದಲ ಹಾಡಿಕೆಯನ್ನು ಅಷ್ಟು ನಂಬಿದವನು ಶೆಲ್ಬಿಯನ್ನು ಯಾಕೆ ನಂಬಲಿಲ್ಲ ಅನ್ನುವುದೇ ನನ್ನ ಸಿಟ್ಟು.

ಬಹುಶಃ ಇದು ಆತನೊಬ್ಬನ ತಪ್ಪೂ ಅಲ್ಲ. ಫೆಬ್ರವರಿಯಲ್ಲಿ ಗ್ರ್ಯಾಮಿ, ನವೆಂಬರ್‌ನಲ್ಲಿ ಆಲ್ಬಂ. ಕಾದ ಕಬ್ಬಿಣ ತಣ್ಣಗಾಗುವ ಮೊದಲು ಬಡಿಯಬೇಕು ಅನ್ನುವ ಲೆಕ್ಕ ಎದ್ದು ಕಾಣುತ್ತದೆ. ಬಡಿದದ್ದೂ ಆಯಿತು. ಆಕಾರ ಬರಲಿಲ್ಲ. ಅಮೆರಿಕದಲ್ಲಿ ಆಲ್ಬಂ ಮಾರಾಟ ಲೆಕ್ಕ ಹಾಕುವ ಬಿಲ್‌ಬೋರ್ಡ್ ಪಟ್ಟಿಯ ಮೊದಲ ನೂರರ ಒಳಗೂ ಅದು ಕಾಲಿಡಲಿಲ್ಲ. ಮಾರಾಟಕ್ಕಾಗಿ ಮಾಡಿದ ಪಾಲಿಶ್ ಮಾರಾಟವನ್ನೂ ತರದಿದ್ದರೆ ಅದರ ಪರ ವಾದಿಸುವವರು ಏನನ್ನು ಹಿಡಿದು ವಾದಿಸಬೇಕು?

ನನ್ನ ತಕರಾರಿನ ಮುಖ್ಯ ಜಾಗ ಮಾತ್ರ ಬೇರೆ. ಆಲ್ಬಂನ ಕೊನೆಯ ಹಾಡು. ಬೀಟಲ್ಸ್ ತಂಡದ ಜಾನ್ ಲೆನನ್‌ನ ‘ಮದರ್’.

ಲೆನನ್ ಅದನ್ನು ಹಾಡಿದ್ದು 1970ರಲ್ಲಿ. ಶುರುವಿನಲ್ಲಿ ಚರ್ಚ್ ಗಂಟೆ, ತುಂಬಾ ನಿಧಾನವಾಗಿ, ಸಾವಿನ ಮನೆಯ ಹಾಗೆ. ಆಮೇಲೆ ಪಿಯಾನೋ, ಬೇಸ್, ಡ್ರಮ್. ಅಷ್ಟೇ. ಬೀಟಲ್ಸ್‌ನ ರಿಂಗೋ ಡ್ರಮ್ ಬಾರಿಸಿದ್ದಾನೆ, ಬೇಸ್ ಕ್ಲಾಸ್ ಫೋರ್ಮನ್‌ನದ್ದು. ಇನ್ನೇನೂ ಇಲ್ಲ. ನಿರ್ಮಾಪಕರ ಪಟ್ಟಿಯಲ್ಲಿ ಯಾರ ಹೆಸರಿದೆ ಗೊತ್ತಾ? ಫಿಲ್ ಸ್ಪೆಕ್ಟರ್. ಸದ್ದಿನ ಗೋಡೆ ಕಟ್ಟುವುದಕ್ಕೆ ಹೆಸರಾದ ಅದೇ ಮನುಷ್ಯ. ಆ ಹಾಡಿಗೆ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಕೊನೆಗೆ ಲೆನನ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾ ಹೋಗುತ್ತಾನೆ. ಅಮ್ಮ ಹೋಗಬೇಡ, ಅಪ್ಪ ಬಾ ಅಂತ. ಹಾಡಾಗಿದ್ದದ್ದು ಕೂಗಾಗುತ್ತದೆ, ಕೂಗು ಚೀರಾಟವಾಗುತ್ತದೆ. ಸುತ್ತ ಏನೂ ಇಲ್ಲದ್ದರಿಂದ ಆ ಚೀರಾಟಕ್ಕೆ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ. ಕೇಳುವ ನಮಗೂ ಇಲ್ಲ.

ಲೆನನ್‌ನ ಅಪ್ಪ ಚಿಕ್ಕಂದಿನಲ್ಲೇ ಬಿಟ್ಟುಹೋಗಿದ್ದ. ದೊಡ್ಡಮ್ಮನ ಮನೆಯಲ್ಲಿ ಬೆಳೆದ. ಅಮ್ಮ ಜೂಲಿಯಾ 1958ರ ಜುಲೈನಲ್ಲಿ ಕಾರು ಬಡಿದು ಸತ್ತಾಗ ಅವನಿಗೆ 17. ಶೆಲ್ಬಿಗೂ ಆಗ 17 ಅಂತ ಆಗಲೇ ಹೇಳಿದೆ. ಇಬ್ಬರೂ ಹುಟ್ಟಿದ್ದು ಅಕ್ಟೋಬರ್‌ನಲ್ಲೇ. ಇಂಥ ಕಾಕತಾಳೀಯಕ್ಕೆ ಅರ್ಥ ಹುಡುಕುವವನು ನಾನಲ್ಲ. ಆದರೆ ಆ ಹಾಡನ್ನು ಇನ್ನೊಬ್ಬರು ಹಾಡಬಹುದು ಅಂತಿದ್ದರೆ ಅದು ಈಕೆಯೇ, ಅಲ್ವಾ?

2001ರ ಅಕ್ಟೋಬರ್ 2ರಂದು ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಲೆನನ್ ನೆನಪಿನ ಕಾರ್ಯಕ್ರಮ ನಡೆಯಿತು. ಅವಳಿ ಗೋಪುರ ಬಿದ್ದು ಮೂರೇ ವಾರ. ಊರಿಗೇ ಸೂತಕ. ಅಲ್ಲಿ ಶೆಲ್ಬಿ ಎದ್ದು ನಿಂತು ‘ಮದರ್’ ಹಾಡಿದಳು. ಆರು ವಾರಕ್ಕೆ ಆಲ್ಬಂ ಬಂತು, ಅದೇ ಹಾಡು ಕೊನೆಯಲ್ಲಿ.

ಆಲ್ಬಂನಲ್ಲಿ ಆಕೆ ಚೆನ್ನಾಗಿ ಹಾಡಿಲ್ಲ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಪೂರ್ತಿ ಕೊಟ್ಟು ಹಾಡಿದ್ದಾಳೆ. ಆದರೆ ಹಾಡು ಮುಂದೆ ಹೋದ ಹಾಗೆ ಸುತ್ತಲಿನ ಸದ್ದು ದೊಡ್ಡದಾಗುತ್ತಾ ಬರುತ್ತದೆ. ಆಕೆ ಕೂಗುವ ಹೊತ್ತಿಗೆ ವಾದ್ಯಗಳೂ ಕೂಗುತ್ತಿರುತ್ತವೆ. ಸಾವಿನ ಮನೆಯಲ್ಲಿ ಒಬ್ಬಳು ಅಳುವಾಗ ಪಕ್ಕದವರು ಸುಮ್ಮನೆ ಕೂತರೆ ಆ ಅಳು ಎದೆಗೆ ನಾಟುತ್ತದೆ. ಎಲ್ಲರೂ ಸೇರಿ ಹೋ ಅಂದರೆ ಅದು ಗದ್ದಲ. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು, ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಹೆಡ್‌ಫೋನ್‌ನಲ್ಲಿ ಕೇಳಿದಾಗ ಮಾತ್ರ, ಯಾರಾದರೂ ಆ ಗಿಟಾರ್‌ಗಳ ಪ್ಲಗ್ ಕಿತ್ತು ಹಾಕಬಾರದಾ ಅನ್ನಿಸಿತು.

ಪರ ಬರಹದಲ್ಲಿ ‘ನೋವಿನ ಕಂತು’ ಅಂತ ಒಂದು ಮಾತು ಬರೆದಿದ್ದೆ. ಜನ ಆಕೆಯಿಂದ ಗಾಯವನ್ನೇ ಕೇಳುತ್ತಾರೆ, ಅದು ಅನ್ಯಾಯ ಅಂತ. ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಆಲ್ಬಂ ಕೊನೆಗೆ ‘ಮದರ್’ ಇಟ್ಟದ್ದು ನಾವಲ್ಲ. ಗಾಯದ ಬಾಗಿಲನ್ನು ತೆರೆದವರು ಅವರೇ. ತೆರೆದು, ಒಳಗೆಲ್ಲ ಹೊಸ ಪೇಂಟ್ ಹೊಡೆಸಿದ್ದರು. ಹಗುರವಾಗಿ ಇರುವ ಆಸೆ ಇದ್ದಿದ್ದರೆ ‘ಕಿಲ್ಲಿನ್ ಕೈಂಡ್’ ಥರದ ಹತ್ತು ಹಾಡು ಮಾಡಬಹುದಿತ್ತು, ನಾನು ಖುಷಿಯಿಂದ ಪಾತ್ರೆ ತೊಳೆಯುತ್ತಿದ್ದೆ. ಎರಡು ದೋಣಿಯಲ್ಲಿ ಒಂದೊಂದು ಕಾಲಿಟ್ಟದ್ದೇ ತೊಂದರೆ.

ಆಮೇಲೆ ಆದದ್ದನ್ನೂ ನೋಡಿ. 2003ರ ‘ಐಡೆಂಟಿಟಿ ಕ್ರೈಸಿಸ್’ಗೆ ಶೆಲ್ಬಿ ತಾನೇ ನಿರ್ಮಾಪಕಿ. ಕಂಪನಿಯೂ ಬೇರೆ. ಹಾಡುಗಳ ಮೈಮೇಲಿನ ಒಡವೆ ಎಲ್ಲ ಬಿಚ್ಚಿಟ್ಟಿದ್ದಾಳೆ. ಬಲ್ಲಾರ್ಡ್ ಹತ್ತಿರ ಮತ್ತೆ ಹೋಗಲಿಲ್ಲ. 2010ರ ಹೊತ್ತಿಗೆ ಸ್ವಂತ ಲೇಬಲ್ಲನ್ನೇ ತೆರೆದಳು.

ನಡುವೆ 2008ರಲ್ಲಿ ಬಂದದ್ದು ‘ಜಸ್ಟ್ ಎ ಲಿಟಲ್ ಲವಿನ್’. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ ಒಂಬತ್ತು ಹಾಡು, ಜೊತೆಗೆ ತನ್ನದೊಂದು. ಈ ಐಡಿಯಾ ಕೊಟ್ಟವನು ಬ್ಯಾರಿ ಮ್ಯಾನಿಲೋ, ಮಿಠಾಯಿ ಪಾಪ್‌ನ ರಾಜ! ನಿರ್ಮಾಪಕ ಫಿಲ್ ರಮೋನ್. ಬಿಲ್ಲಿ ಜೋಯಲ್, ಪಾಲ್ ಸೈಮನ್‌ರ ಆಲ್ಬಂ ಮಾಡಿದವನು. ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೋ, ರೆಕಾರ್ಡಿಂಗ್ ಎಂಜಿನಿಯರ್ ಆಲ್ ಶ್ಮಿಟ್. ಲೆಕ್ಕಕ್ಕೆ ನೋಡಿದರೆ ಇದಕ್ಕಿಂತ ಪಾಲಿಶ್ ಆದ ಜನ ಸಿಗುವುದಿಲ್ಲ. ಡಸ್ಟಿಯ ಹಿಂದೆ ಇದ್ದ ಆರ್ಕೆಸ್ಟ್ರಾವನ್ನು ಅವರು ಪೂರ್ತಿ ಮನೆಗೆ ಕಳಿಸಿದರು. ಬೆರಳೆಣಿಕೆಯ ವಾದಕರು ಉಳಿದರು. ದುಬಾರಿ ಸ್ಪೀಕರ್ ಕೊಳ್ಳುವವರು ಇವತ್ತಿಗೂ ಅದನ್ನು ಪರೀಕ್ಷಿಸುವುದು ಈ ಆಲ್ಬಂ ಹಾಕಿ.

ಅದರಲ್ಲಿ ‘ಐ ಓನ್ಲಿ ವಾಂಟ್ ಟು ಬಿ ವಿದ್ ಯು’ ಇದೆ. ಡಸ್ಟಿ 1963ರಲ್ಲಿ ಅದನ್ನು ಕುಣಿಯುತ್ತಾ ಹಾಡಿದ್ದಳು. ತುತ್ತೂರಿ, ಚಪ್ಪಾಳೆಯ ವೇಗ, ಹೊಸ ಪ್ರೇಮದ ಗಡಿಬಿಡಿ. ಶೆಲ್ಬಿ ಅದರ ವೇಗವನ್ನು ಅರ್ಧಕ್ಕೆ ಇಳಿಸಿದ್ದಾಳೆ. ಗಿಟಾರ್ ಒಂದು ತಂತಿ ಮೀಟಿ ಸುಮ್ಮನಾಗುತ್ತದೆ. ಡ್ರಮ್ ಎಷ್ಟು ಮೆಲ್ಲಗೆ ಅಂದರೆ, ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಕೇರುತ್ತಿದ್ದಾರೆ ಅನ್ನಿಸುತ್ತದೆ. ಮೊದಲ ಸಾಲು ಮುಗಿಯುತ್ತದೆ. ಎರಡನೆಯದು ಬರುವ ಮೊದಲು ಒಂದು ಖಾಲಿ. ಆ ಖಾಲಿಯಲ್ಲಿ ಆಕೆ ಬಾಯಿ ತೆರೆದು ಗಾಳಿ ಒಳಗೆಳೆದುಕೊಳ್ಳುವುದು ಕೇಳುತ್ತದೆ.